ಯಾರು ಯಾರ ಭಾಷೆ ಕಲಿಯಬೇಕು?

ಪುಣೆಗೆ ಬಂದು ಇಪ್ಪತ್ತೇಳು ವರ್ಷವಾಯಿತು. ಬಂದ ಹೊಸದರಲ್ಲಿ ನಾನು ಕಲಿತ ಮೊದಲ ಪಾಠ, ಹೋದ ಊರಿನ ಭಾಷೆ ಕಲಿಯಬೇಕು ಎನ್ನುವುದು. ವಿಜಯಪುರ ಜಿಲ್ಲೆಯ ನನಗೆ ಮರಾಠಿ ಅಷ್ಟೇನೂ ಪರಕೀಯವಲ್ಲ. ನಮ್ಮೂರ ಸಂತೆಯಲ್ಲಿ ಅರ್ಧ ಲೆಕ್ಕ ಮರಾಠಿಯಲ್ಲೇ ನಡೆಯುತ್ತಿತ್ತು. ಆರು ತಿಂಗಳಲ್ಲಿ ರಿಕ್ಷಾದವನ ಜೊತೆ ಜಗಳ ಆಡುವಷ್ಟು, ಒಂದು ವರ್ಷದಲ್ಲಿ ಅವನ ಜೊತೆ ನಕ್ಕು ಮಾತಾಡುವಷ್ಟು ಭಾಷೆ ಬಂತು. ಬೆಂಗಳೂರಿಗೆ ಬಂದು ಹತ್ತು ವರ್ಷವಾದರೂ ಕನ್ನಡದ ನಾಲ್ಕು ಮಾತು ಕಲಿಯದವರನ್ನು ಕಂಡು ನೀವು ಸಿಟ್ಟಾದರೆ, ಇವತ್ತಿಗೂ ನಾನು ನಿಮ್ಮ ಕಡೆಗೇ. ಆದರೆ ಈ ನಂಬಿಕೆಯನ್ನು ನಾನು ಎಷ್ಟು ಕಣ್ಣು ಮುಚ್ಚಿ ನಂಬಿದ್ದೆ ಎನ್ನುವುದು ಗೊತ್ತಾದದ್ದು ನನ್ನ ಮಗನ ಶಾಲೆಯಲ್ಲಿ. ಅದನ್ನೇ ಇಲ್ಲಿ ಹೇಳಬೇಕೆಂದಿದ್ದೇನೆ.

ಮಗ ಹುಟ್ಟಿದ್ದು 2004ರಲ್ಲಿ. ಎರಡು ವರ್ಷಕ್ಕೆ ಎಂಟು ಹತ್ತು ಮಾತು ಆಡುತ್ತಿದ್ದ. ಎರಡೂವರೆಗೆ ಒಂದೊಂದಾಗಿ ಆ ಮಾತುಗಳು ನಿಂತವು. ಕರೆದರೆ ತಿರುಗುತ್ತಿರಲಿಲ್ಲ, ಮಿಕ್ಸರ್ ಸದ್ದಿಗೆ ಕಿವಿ ಮುಚ್ಚಿಕೊಂಡು ಚೀರುತ್ತಿದ್ದ. 2007ರಲ್ಲಿ ಆಟಿಸಂ ಎಂದರು. ಹೆಸರು ನಮಗೆ ಹೊಸದು. ಅಮೆರಿಕದಲ್ಲಿದ್ದ ಲಿಯೋ ಕ್ಯಾನರ್ ಎಂಬ ವೈದ್ಯರು ಹನ್ನೊಂದು ಮಕ್ಕಳನ್ನು ನೋಡಿ 1943ರಲ್ಲಿ ಇದರ ಬಗ್ಗೆ ಬರೆದರು. ಆಮೇಲೆ ಬಹಳ ಕಾಲ, ತಾಯಿಯ ಪ್ರೀತಿ ಸಾಲದ್ದಕ್ಕೇ ಮಗು ಹೀಗಾಯಿತು ಎಂದು ತಾಯಂದಿರನ್ನು ದೂರಿದರು. ಅದು ಶುದ್ಧ ತಪ್ಪು. ಮಿದುಳು ಬೆಳೆಯುವ ರೀತಿಯೇ ಬೇರೆಯಾಗಿರುತ್ತದೆ, ಹುಟ್ಟಿನಿಂದಲೇ ಇರುತ್ತದೆ, ಔಷಧಿ ಕೊಟ್ಟು ವಾಸಿ ಮಾಡುವ ಕಾಯಿಲೆ ಅದಲ್ಲ. ಆಟಿಸಂ ಇದ್ದವರಲ್ಲಿ ಕಾಲೇಜು ಓದಿ ನೌಕರಿ ಮಾಡುವವರೂ ಇದ್ದಾರೆ. ನನ್ನ ಮಗನಂತೆ ಕಲಿಕೆಯೂ ಬಹಳ ನಿಧಾನ, ಮಾತೂ ಕಡಿಮೆ, ಸ್ನಾನಕ್ಕೂ ಒಬ್ಬರು ಜೊತೆಗಿರಬೇಕು ಎನ್ನುವವರೂ ಇದ್ದಾರೆ.

ಆಗ ನಮಗೆ ಸಿಕ್ಕ ಮೊದಲ ಸಲಹೆ ಭಾಷೆಯದು. ಮನೆಯಲ್ಲಿ ಕನ್ನಡ, ಹೊರಗೆ ಮರಾಠಿ, ಟಿವಿಯಲ್ಲಿ ಹಿಂದಿ; ಇಷ್ಟೆಲ್ಲ ಈ ಮಗುವಿಗೆ ಭಾರ, ಒಂದೇ ಭಾಷೆ ಇಟ್ಟುಕೊಳ್ಳಿ ಎಂದರು ಮಾತು ಕಲಿಸುವ ಥೆರಪಿಸ್ಟ್. ಉದಾಹರಣೆಯನ್ನೂ ಕೊಟ್ಟರು. ನಮ್ಮ ಕಡೆ ಆಯಿ ಎಂದರೆ ಅಜ್ಜಿ, ಮರಾಠಿಯಲ್ಲಿ ಆಯಿ ಎಂದರೆ ತಾಯಿ. ಅಲ್ಲಿ ಅಕ್ಕನಿಗೆ ತಾಯಿ ಎನ್ನುತ್ತಾರೆ. ಚಿತ್ರ ತೋರಿಸಿ ಆಯಿ ಯಾರು ಎಂದು ಕೇಳಿದರೆ ಮಗು ಯಾರನ್ನು ತೋರಿಸಬೇಕು? ನಮಗೂ ಹೌದು ಅನ್ನಿಸಿತು. ಬದುಕುವುದು ಪುಣೆಯಲ್ಲಿ, ಶಾಲೆ ಪುಣೆಯದು, ಬಸ್ಸಿನ ಕಂಡಕ್ಟರು ಪುಣೆಯವನು. ಮರಾಠಿಯೇ ಇರಲಿ ಎಂದು ಗಂಡ ಹೆಂಡತಿ ತೀರ್ಮಾನ ಮಾಡಿದೆವು.

ಆ ತೀರ್ಮಾನದ ಬೆಲೆ ಕೊಟ್ಟವಳು ನನ್ನ ಅವ್ವ. ಮಗನಿಗೆ ಮೂರು ವರ್ಷ ಆಗುವ ತನಕ ನಮ್ಮ ಜೊತೆಗೇ ಇದ್ದಳು. ಅವಳಿಗೆ ಕನ್ನಡ ಬಿಟ್ಟು ಇನ್ನೊಂದು ಬಾರದು. “ಅವನ ಮುಂದ ಕನ್ನಡ ಮಾತಾಡಬ್ಯಾಡವ್ವ” ಎಂದು ನಾನೇ ಹೇಳಿದೆ. “ಹಂಗಾರ ನಾ ಏನ ಮಾತಾಡ್ಲಿ?” ಎಂದಳು. ನನ್ನಲ್ಲಿ ಉತ್ತರ ಇರಲಿಲ್ಲ. ಒಂದು ತಿಂಗಳು ಮೊಮ್ಮಗನ ಪಕ್ಕದಲ್ಲಿ ಸುಮ್ಮನೆ ಕೂತಳು. ಆಮೇಲೆ ಹೊಲದ ನೆವ ಹೇಳಿ ಊರಿಗೆ ಹೋದಳು.

ಆ ಸಲಹೆ ಕೊಟ್ಟವರನ್ನು ನಾನು ಇವತ್ತು ಬೈಯುವುದಿಲ್ಲ. ಆಗ ಎಲ್ಲ ಕಡೆಯೂ ಹಾಗೆಯೇ ಹೇಳುತ್ತಿದ್ದರು. ಆಮೇಲೆ ಬೇರೆ ಬೇರೆ ದೇಶಗಳಲ್ಲಿ ಈ ಬಗ್ಗೆ ಸಂಶೋಧನೆ ನಡೆಯಿತು. ಎರಡು ಭಾಷೆ ಕೇಳುತ್ತ ಬೆಳೆದ ಆಟಿಸಂ ಮಕ್ಕಳು ಒಂದೇ ಭಾಷೆ ಕೇಳಿದವರಿಗಿಂತ ಮಾತಿನಲ್ಲಿ ಹಿಂದೆ ಬೀಳುತ್ತಾರೆ ಎನ್ನುವುದಕ್ಕೆ ಆಧಾರ ಸಿಗಲಿಲ್ಲ. ಅದು ನಮಗೆ ತಿಳಿಯುವ ಹೊತ್ತಿಗೆ ಮಗನಿಗೆ ಮೀಸೆ ಬಂದಿತ್ತು.

ಮೀಸೆ ಬಂದ ಮಗುವಿಗೆ ಶಾಲೆ ಹುಡುಕುವುದು ಇನ್ನೊಂದು ಕಥೆ. ಅಂಗವಿಕಲರಿಗಾಗಿ 1995ರಲ್ಲಿ ಬಂದ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂನ ಹೆಸರೇ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಲ್ಲಿ ಆ ಹೆಸರು ಬಂತು. 2009ರ ಶಿಕ್ಷಣ ಹಕ್ಕಿನ ಕಾಯ್ದೆ ಆರರಿಂದ ಹದಿನಾಲ್ಕು ವರ್ಷದವರಿಗೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇಪ್ಪತ್ತೊಂದು ಬಗೆಯ ವೈಕಲ್ಯಗಳನ್ನು ಹೆಸರಿಸಿತು, ಆಟಿಸಂ ಅದರಲ್ಲಿ ಒಂದು. ವೈಕಲ್ಯದ ಪ್ರಮಾಣ ಶೇಕಡಾ 40 ಅಥವಾ ಹೆಚ್ಚು ಇದ್ದವರಿಗೆ ಹದಿನೆಂಟರವರೆಗೆ ಉಚಿತ ಶಿಕ್ಷಣದ ಹಕ್ಕು, ಹತ್ತಿರದ ಶಾಲೆಯಲ್ಲಿ ಅಥವಾ ತಾವು ಆರಿಸಿದ ವಿಶೇಷ ಶಾಲೆಯಲ್ಲಿ, ಎಂದಿತು. ಕಾಗದದ ಮೇಲೆ ಚೆನ್ನಾಗಿದೆ. ಆದರೆ ನಾವು ಹೋದ ಕಡೆಯೆಲ್ಲ ಚಿಕ್ಕ ಮಕ್ಕಳ ತರಗತಿಗಳೇ. ಸಿಟ್ಟು ಬಂದಾಗ ತನ್ನ ಕೈ ತಾನೇ ಕಚ್ಚಿಕೊಳ್ಳುವ, ನನ್ನೆತ್ತರ ಬೆಳೆದ ಹುಡುಗನನ್ನು ನೋಡಿ ಮೂರು ಶಾಲೆಯವರು “ದೊಡ್ಡವನಾಗಿದ್ದಾನಲ್ಲ” ಎಂದರು. ನಾಲ್ಕನೆಯದು ಇಂಥ ದೊಡ್ಡ ಮಕ್ಕಳಿಗಾಗಿಯೇ ನಡೆಯುತ್ತಿದ್ದ ಸಣ್ಣ ಶಾಲೆ. 2018ರ ಜೂನ್‌ನಲ್ಲಿ ಅಲ್ಲಿ ಸೇರಿಸಿಕೊಂಡರು.

ಆ ಶಾಲೆ ಹೇಗಿತ್ತು ಎಂದು ನಿಮಗೆ ಹೇಳಬೇಕು. ಪ್ರೌಢಶಾಲೆಯ ವಯಸ್ಸು, ಆದರೆ ಪಾಠ್ಯಪುಸ್ತಕ ಇಲ್ಲ. ಒಂದು ಕೋಣೆಗೆ ಐದಾರು ಮಕ್ಕಳು, ಇಬ್ಬರು ಶಿಕ್ಷಕಿಯರು. ಗೋಡೆಯ ಮೇಲೆ ಪ್ರತಿಯೊಬ್ಬನಿಗೂ ಅವನದೇ ವೇಳಾಪಟ್ಟಿ, ಎಲ್ಲ ಚಿತ್ರಗಳಲ್ಲಿ: ಚಪ್ಪಲಿ ಬಿಡುವುದು, ಕೆಲಸದ ಮೇಜು, ಊಟ, ಬಸ್ಸು. ಒಂದು ಮುಗಿದ ಕೂಡಲೇ ಆ ಚಿತ್ರ ತೆಗೆದು ಡಬ್ಬಿಗೆ ಹಾಕಬೇಕು. ಮುಂದೆ ಏನು ಬರುತ್ತದೆ ಎಂದು ಗೊತ್ತಿದ್ದರೆ ಅರ್ಧ ಹೆದರಿಕೆ ಹೋಗುತ್ತದೆ. ಸದ್ದು ತಡೆಯಲಾರದವರಿಗೆ ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನು, ಪೂರಾ ತಡೆಯಲಾಗದಿದ್ದರೆ ಹೋಗಿ ಕೂರಲು ಒಂದು ಮಂದ ಬೆಳಕಿನ ಕೋಣೆ. ಚಪಾತಿ ಹಿಟ್ಟು ಕಲಸುವುದು, ಬಟ್ಟೆ ಮಡಚುವುದು, ಅಂಗಡಿಗೆ ಹೋಗಿ ಇಪ್ಪತ್ತು ರೂಪಾಯಿ ಕೊಟ್ಟು ಬಿಸ್ಕೀಟು ತರುವುದು, ಬಚ್ಚಲಿನ ಬಾಗಿಲು ಹಾಕಿಕೊಳ್ಳುವುದು, ಇವೇ ಅಲ್ಲಿಯ ವಿಷಯಗಳು.

ಇವೆಲ್ಲಕ್ಕಿಂತ ಮೊದಲು ಅಲ್ಲಿ ಕಲಿಸುತ್ತಿದ್ದದ್ದು ‘ಬೇಡ’ ಎನ್ನುವುದನ್ನು. ಮಾತು ಬರುವವರಿಗೆ ಮಾತಿನಲ್ಲಿ, ಬಾರದವರಿಗೆ ಕಾರ್ಡಿನಲ್ಲಿ. ನನಗೆ ಆಶ್ಚರ್ಯವಾಯಿತು. ನಮ್ಮಲ್ಲಿ ಶಾಲೆ ಎಂದರೆ ಹೇಳಿದ್ದು ಕೇಳುವುದನ್ನು ಕಲಿಯುವ ಜಾಗ ಅಲ್ಲವೆ? ಮುಖ್ಯ ಶಿಕ್ಷಕಿ ಹೇಳಿದರು: “ಈ ಮಕ್ಕಳು ಜೀವನವಿಡೀ ಬೇರೆಯವರ ಕೈಯಲ್ಲಿ ಇರುವವರು. ಎಲ್ಲರ ಮಾತನ್ನೂ ಕೇಳು ಎಂದು ಕಲಿಸಿದರೆ, ಕೆಟ್ಟ ಕೈ ಬಂದಾಗ ಏನು ಮಾಡಬೇಕು?” ವಿಧೇಯತೆ ದೊಡ್ಡ ಗುಣ ಎಂದು ಕೇಳುತ್ತ ಬೆಳೆದ ನಾನು ಆ ದಿನ ಸುಮ್ಮನಾದೆ.

ದೀಪಾವಳಿ ರಜೆ ಮುಗಿದ ಮೇಲೆ ಪಾಲಕರ ಸಭೆ. ಮಗ ಕೈ ಕಚ್ಚಿಕೊಳ್ಳುವುದು ಹೆಚ್ಚಾಗಿದೆ ಎಂದು ಒಂದು ವಹಿ ತೋರಿಸಿದರು. ಅದರಲ್ಲಿ ಮೂರು ಕಾಲಮ್ಮು: ಮೊದಲು ಏನಾಯಿತು, ಹುಡುಗ ಏನು ಮಾಡಿದ, ಆಮೇಲೆ ಏನಾಯಿತು. ಓದುತ್ತ ಹೋದೆ. ‘ಊಟಕ್ಕೆ ಬಡಿಸುವಾಗ ಸಾಕ್ ಸಾಕ್ ಎಂಬ ಅರ್ಥವಿಲ್ಲದ ಸದ್ದು, ನಂತರ ತಟ್ಟೆ ನೂಕಿ ಕೈ ಕಚ್ಚಿಕೊಂಡ.’ ‘ಸಂಗೀತದ ತರಗತಿ, ಢೋಲಕಿ, ಸಾಕ್ ಸಾಕ್, ಕೈ ಕಚ್ಚಿಕೊಂಡ.’ ಪುಟ ತಿರುವಿದೆ. ಜೂನ್‌ನಿಂದ ನವೆಂಬರ್ ತನಕ ಅದೇ.

ಹೆಂಡತಿ ನನ್ನ ಮುಖ ನೋಡಿದಳು. ನನಗೆ ಬಾಯಿಂದ ಮಾತು ಹೊರಡಲಿಲ್ಲ. ಕಡೆಗೆ ಅವಳೇ ಮರಾಠಿಯಲ್ಲಿ ಹೇಳಿದಳು, “ಅದು ಸದ್ದಲ್ಲ. ಸಾಕು ಅಂದರೆ ನಮ್ಮ ಭಾಷೆಯಲ್ಲಿ ‘ಪುರೇ’ ಅಂತ.”

ಐದು ತಿಂಗಳು ನನ್ನ ಮಗ ಸರಿಯಾದ ಜಾಗದಲ್ಲಿ, ಸರಿಯಾದ ಮಾತನ್ನು ಹೇಳುತ್ತಿದ್ದ. ‘ಬೇಡ’ ಹೇಳುವುದನ್ನೇ ಮೊದಲ ಪಾಠ ಮಾಡಿಕೊಂಡಿದ್ದ ಶಾಲೆಯಲ್ಲಿ ಅವನ ‘ಸಾಕು’ ಯಾರಿಗೂ ಕೇಳಿಸಲಿಲ್ಲ. ಮನೆಯಲ್ಲಿ ನಮಗೂ ಕೇಳಿಸಿರಲಿಲ್ಲ, ಏಕೆಂದರೆ ಅವನು ಹೇಳುವ ಮೊದಲೇ ನಾವು ಬಡಿಸುವುದು ನಿಲ್ಲಿಸುತ್ತಿದ್ದೆವು. ಈ ಮಾತು ಅವನಿಗೆ ಬಂದದ್ದು ಅವ್ವನಿಂದ. ಬಡಿಸುವಾಗ ಅವನ ಪುಟ್ಟ ಕೈ ಹಿಡಿದು ತಟ್ಟೆಯ ಮೇಲೆ ಅಡ್ಡ ಇಟ್ಟು “ಸಾಕ ಅನ್ನು, ಸಾಕ” ಎನ್ನುತ್ತಿದ್ದಳು. ಹನ್ನೊಂದು ವರ್ಷ ನಾವು ಮನೆಯಿಂದ ಹೊರಗಿಟ್ಟಿದ್ದ ಕನ್ನಡದಲ್ಲಿ ಅವನು ಆ ಒಂದು ಮಾತನ್ನು ಇಟ್ಟುಕೊಂಡಿದ್ದ.

ಶಾಲೆಯವರು ಒಳ್ಳೆಯವರು. ಕೂಡಲೇ ಕ್ಷಮೆ ಕೇಳಿದರು. ನಾನು “ಪರವಾಗಿಲ್ಲ, ಇನ್ನು ಮುಂದೆ ಪುರೇ ಎಂದು ಹೇಳಲು ಅವನಿಗೇ ಕಲಿಸೋಣ” ಎಂದೆ. ಹೋದ ಊರಿನ ಭಾಷೆ ಕಲಿಯಬೇಕು ಎನ್ನುವ ನನ್ನ ಪಾಠವೇ ಬಾಯಿಗೆ ಬಂತು ನೋಡಿ. ಮುಖ್ಯ ಶಿಕ್ಷಕಿ ಕೇಳಿದರು, “ಅವನಿಗೆ ಆ ಮಾತು ಬದಲಾಯಿಸಲು ಒಂದು ವರ್ಷ ಬೇಕಾಗಬಹುದು. ನಮಗೆ ಒಂದು ನಿಮಿಷ ಸಾಕು. ಯಾರು ಕಲಿಯಬೇಕು, ನೀವೇ ಹೇಳಿ.” ಮರುದಿನ ಅಡುಗೆಯವರಿಂದ ಹಿಡಿದು ಬಸ್ಸಿನ ಚಾಲಕನವರೆಗೆ ಎಲ್ಲರಿಗೂ ಆ ಮಾತು ಹೇಳಿಕೊಟ್ಟರು. ‘ಸಾಕು’ ಎಂದ ಕೂಡಲೇ ಢೋಲಕಿ ನಿಲ್ಲತೊಡಗಿತು. ಕೈ ಕಚ್ಚಿಕೊಳ್ಳುವುದು ಪೂರಾ ಹೋಗಲಿಲ್ಲ, ಕಡಿಮೆಯಂತೂ ಆಯಿತು.

ಆ ಪ್ರಶ್ನೆ ನನ್ನನ್ನು ಇನ್ನೂ ಬಿಟ್ಟಿಲ್ಲ. ಹೋದ ಊರಿನ ಭಾಷೆ ಕಲಿಯಬೇಕು ಎನ್ನುವುದು ಯಾಕೆ ಸರಿ? ಹೋದವನು ಕಲಿಯಬಲ್ಲ ಎನ್ನುವುದಕ್ಕೆ ಸರಿ. ನಾನು ಕಲಿಯಬಲ್ಲವನಾಗಿದ್ದೆ, ಆದ್ದರಿಂದ ಕಲಿಯದಿದ್ದರೆ ಅದು ನನ್ನ ಉಡಾಫೆ. ಕಲಿಯುವ ಶಕ್ತಿ ಇದ್ದವನ ಮೇಲೆ ಕರ್ತವ್ಯ ಬೀಳುತ್ತದೆ. ಹಾಗಿದ್ದರೆ ಒಂದು ಕಡೆ ಇಪ್ಪತ್ತು ಮಾತಿನ ಹುಡುಗ, ಇನ್ನೊಂದು ಕಡೆ ಮೂರು ಭಾಷೆಯ ಅಪ್ಪ ಮತ್ತು ಇಡೀ ಶಾಲೆ ನಿಂತಾಗ, ಯಾರು ಯಾರ ಕಡೆಗೆ ನಡೆಯಬೇಕು? ಇಷ್ಟು ಸರಳ ಲೆಕ್ಕವನ್ನು ನಾವು ಉಲ್ಟಾ ಮಾಡುತ್ತ ಬಂದಿದ್ದೆವು. ಎಲ್ಲರಿಗಿಂತ ಕಡಿಮೆ ಶಕ್ತಿ ಇದ್ದವನಿಗೆ ಎಲ್ಲರಿಗಿಂತ ಹೆಚ್ಚು ಕೆಲಸ ಕೊಟ್ಟಿದ್ದೆವು.

ಇದಕ್ಕೆ ಎದುರು ಮಾತೂ ಇದೆ, ಅದನ್ನು ಮುಚ್ಚಿಡಬಾರದು. ಪುಣೆಯ ಎಲ್ಲ ಅಂಗಡಿಯವರೂ ಕನ್ನಡ ಕಲಿಯುವುದಿಲ್ಲ. ನಾವಿಲ್ಲದ ದಿನ ಅವನನ್ನು ನೋಡಿಕೊಳ್ಳುವವರು ಯಾರೋ, ಯಾವ ಭಾಷೆಯವರೋ. ಆದ್ದರಿಂದ ಪುರೇ, ನಕೋ ಎನ್ನುವುದನ್ನೂ ಕಲಿಸಬೇಕು, ಕಲಿಸಿದೆವು. ನಾಲ್ಕು ವರ್ಷದಲ್ಲಿ ಅವನು ಎರಡನ್ನೂ ಬಳಸಲು ಕಲಿತ. ಇನ್ನೊಂದು ಅನುಮಾನ ನನ್ನ ಬಗ್ಗೆಯೇ. ಊರು ಬಿಟ್ಟ ನಮ್ಮಂಥವರಿಗೆ ಕನ್ನಡ ಎಂದರೆ ಕಣ್ಣು ತುಂಬುತ್ತದೆ. ನಮ್ಮ ಹಂಬಲವನ್ನು ಅವನ ಹೆಗಲ ಮೇಲೆ ಹೇರುತ್ತಿದ್ದೇವೆಯೇ? ಇದಕ್ಕೆ ನಾನು ಇಟ್ಟುಕೊಂಡ ಅಳತೆ ಒಂದೇ. ಆ ಮಾತಿನಿಂದ ಅವನಿಗೆ ಬೇಕಾದದ್ದು ಸಿಗುತ್ತದೆಯೋ, ನಮಗೆ ಬೇಕಾದದ್ದೋ? ನಾಡಗೀತೆ ಹಾಡಿಸಿದರೆ ಅದು ನಮಗಾಗಿ. ಸಾಕು ಎಂದರೆ ಅದು ಅವನಿಗಾಗಿ.

2019ರ ಬೇಸಿಗೆಯಲ್ಲಿ ಸೊಲ್ಲಾಪುರದ ಮೇಲೆ ಊರಿಗೆ ಹೋದೆವು. ಚಿತ್ರದ ಕಾರ್ಡುಗಳನ್ನು ಒಯ್ದಿದ್ದೆ. ಅವ್ವನಿಗೆ ಓದು ಬಾರದು, ಆದರೆ ಚಿತ್ರಕ್ಕೆ ಓದು ಯಾಕೆ ಬೇಕು? ಎಪ್ಪತ್ತನಾಲ್ಕರ ಮುದುಕಿ ಎರಡು ದಿನದಲ್ಲಿ ಎಲ್ಲ ಕಾರ್ಡು ಕಲಿತಳು. ನೀರಿನ ಕಾರ್ಡು ತಂದರೆ “ನೀರ ಬೇಕೇನ್, ತಗೋ ನನ್ನಪ್ಪಾ” ಎಂದು ತಂಬಿಗೆ ಕೊಡುತ್ತಿದ್ದಳು. ಮೂರನೆಯ ದಿನ ರೊಟ್ಟಿ ಬಡಿಸುವಾಗ ಅವನು ತಟ್ಟೆಯ ಮೇಲೆ ಕೈ ಅಡ್ಡ ಇಟ್ಟು “ಸಾಕ್” ಎಂದ. ಅವ್ವ ರೊಟ್ಟಿ ಹಿಡಿದುಕೊಂಡೇ ನಿಂತಳು. ರಾತ್ರಿ ನನ್ನನ್ನು ಕೇಳಿದಳು, “ಅಂವಗ ಬರತಿತ್ತಲ್ಲೋ. ಇಷ್ಟ ವರ್ಷ ನನ್ನ ಯಾಕ ಸುಮ್ಮ ಕುಂಡರಿಸಿದಿ?”

ನಾನು ಆಗಿನ ಕಾಲದ ಸಲಹೆಯ ಬಗ್ಗೆ ಏನೋ ಹೇಳಿದೆ. ಅದು ಉತ್ತರ ಆಗಲಿಲ್ಲ. ತಜ್ಞರು ಹೇಳಿದರು ಎನ್ನುವುದು ನಿಜ, ಆದರೆ ಅವ್ವನ ಪ್ರಶ್ನೆ ತಜ್ಞರಿಗಲ್ಲ, ನನಗೆ. ನನಗೆ ಗೊತ್ತಿರಲಿಲ್ಲ ಎನ್ನುವುದರಿಂದ ಹನ್ನೊಂದು ವರ್ಷ ವಾಪಸ್ಸು ಬರುವುದಿಲ್ಲ.

ಮಗ ಹದಿನೆಂಟು ತುಂಬಿ 2022ರಲ್ಲಿ ಶಾಲೆ ಬಿಟ್ಟ. ಈಗ ದಿನಕ್ಕೆ ನಾಲ್ಕು ತಾಸು ಒಂದು ಕಾರ್ಯಾಗಾರದಲ್ಲಿ ಕಾಗದದ ಚೀಲ ಮಾಡುತ್ತಾನೆ. 1999ರ ಕಾಯ್ದೆಯ ಪ್ರಕಾರ ನಾವೇ ಅವನ ಕಾನೂನು ಪಾಲಕರು. ನಮ್ಮ ನಂತರ ಯಾರು ಎನ್ನುವುದಕ್ಕೆ ಬೇರೆ ಪಾಲಕರ ಹಾಗೆ ನಾವೂ ಇನ್ನೂ ಹೆಸರು ಹುಡುಕುತ್ತಿದ್ದೇವೆ. ಆ ಹೆಸರಿನವರಿಗೆ ಕೊಡಲು ಒಂದು ಹಾಳೆ ಮಾತ್ರ ಸಿದ್ಧವಾಗಿದೆ. ಅವನು ಬಳಸುವ ಇಪ್ಪತ್ತೆರಡು ಮಾತುಗಳು, ಪ್ರತಿಯೊಂದರ ಮುಂದೆ ಅದರ ಅರ್ಥ ಮರಾಠಿಯಲ್ಲಿ. ಮೊದಲನೆಯದು ‘ಸಾಕು’.

ಊರಿನಲ್ಲಿರುವ ನಿಮಗೆ ಇದನ್ನೆಲ್ಲ ಯಾಕೆ ಹೇಳಿದೆ ಎಂದರೆ, ನಿಮ್ಮ ಊರಿಗೂ ಹೊರಗಿನವರು ಬಂದಿದ್ದಾರೆ. ಒಡಿಶಾದಿಂದ, ಬಿಹಾರದಿಂದ, ನೇಪಾಳದಿಂದ ಬಂದವರ ಮಕ್ಕಳಲ್ಲೂ ಇಂಥವರು ಇರುತ್ತಾರೆ. ಬೆಂಗಳೂರಿನದೋ ಹುಬ್ಬಳ್ಳಿಯದೋ ಒಂದು ವಿಶೇಷ ಶಾಲೆಯ ವಹಿಯಲ್ಲಿ ‘ಅರ್ಥವಿಲ್ಲದ ಸದ್ದು’ ಎಂದು ಬರೆದಿದ್ದರೆ, ಬರೆದವರು ಒಮ್ಮೆ ಆ ಮಗುವಿನ ಅಜ್ಜಿಯನ್ನು ಕರೆದು ಕೇಳಲಿ.