ಮೇಲಕ್ಕೆ ಹತ್ತಿಸಿದ್ದು ಯಾರು?

ದಿನಾ ಒಂದೊಂದು ಪರ್ಸೆಂಟ್ ಸುಧಾರಿಸಿಕೊಳ್ಳಿ, ವರ್ಷದ ಕೊನೆಗೆ ಎಲ್ಲಿರ್ತೀರ ನೋಡಿ ಅನ್ನೋ ಉಪದೇಶ ಆಫೀಸಿನ ಟ್ರೇನಿಂಗಿನಲ್ಲೂ ಕೇಳಿಸುತ್ತೆ, ಯೂಟ್ಯೂಬಿನಲ್ಲೂ ಕೇಳಿಸುತ್ತೆ. ಇದಕ್ಕೆ ಸ್ಮಾರ್ಟ್-1ಗಿಂತ ಒಳ್ಳೆ ಸಾಕ್ಷಿ ಸಿಗೋದು ಕಷ್ಟ.

ಯುರೋಪಿನ ಬಾಹ್ಯಾಕಾಶ ಸಂಸ್ಥೆ 2003ರ ಸೆಪ್ಟೆಂಬರ್ 27ರಂದು ಹಾರಿಸಿದ ಈ ನೌಕೆಯ ಮುಖ್ಯ ಕೆಲಸ, ಹೊಸ ಬಗೆಯ ಎಂಜಿನ್ನಿನ ಪರೀಕ್ಷೆ. ಸೌರಫಲಕದಿಂದ ಬಂದ ವಿದ್ಯುತ್ತಿನಲ್ಲಿ ಕ್ಸೆನಾನ್ ಅನಿಲವನ್ನು ಅಯಾನುಗಳಾಗಿಸಿ ಹಿಂದಕ್ಕೆ ಚಿಮ್ಮಿಸುತ್ತಾ ಅದು ಮುಂದೆ ಸಾಗುತ್ತಿತ್ತು. ನೂಕುಬಲ ಎಷ್ಟು ಗೊತ್ತಾ? ಸುಮಾರು 7 ಗ್ರಾಂ ತೂಕದಷ್ಟು. ಅಂಗೈ ಮೇಲಿನ ಹತ್ತು ರೂಪಾಯಿ ನಾಣ್ಯ ಅದಕ್ಕಿಂತ ಭಾರ. ನೌಕೆಯ ತೂಕವೋ, 367 ಕೆ.ಜಿ. ಇಡೀ ದಿನ ಬಿಡದೆ ನೂಕಿದರೆ ವೇಗಕ್ಕೆ ಸೇರುತ್ತಿದ್ದುದು ಗಂಟೆಗೆ 60 ಕಿ.ಮೀ.ನಷ್ಟು. ಅಪೊಲೊ 11 ಮೂರೇ ದಿನದಲ್ಲಿ ಸೇರಿದ ಚಂದ್ರನ ಕಕ್ಷೆಗೆ ಇದು ಹದಿಮೂರು ತಿಂಗಳ ಮೇಲೆ, 2004ರ ನವೆಂಬರಿನಲ್ಲಿ ಹೋಗಿ ಸೇರಿತು. ಆದ್ರೂ ಸೇರಿತು.

ಉಪದೇಶ ಮಾಡೋರು ಇಲ್ಲಿಗೇ ಕತೆ ನಿಲ್ಲಿಸ್ತಾರೆ. ನನಗೆ ಅದರ ಹಿಂದಿನ ಅಧ್ಯಾಯ ಮುಖ್ಯ ಅನ್ಸುತ್ತೆ. ಅದೇ ಎಂಜಿನ್ನನ್ನು ನೆಲದ ಮೇಲೆ ವರ್ಷಗಟ್ಟಲೆ ಓಡಿಸಿದ್ದರೂ ನೌಕೆ ಒಂದಿಂಚು ಮೇಲೇಳುತ್ತಿರಲಿಲ್ಲ. ಅದನ್ನು ಮೇಲಕ್ಕೆ ಹತ್ತಿಸಿದ್ದು ಏರಿಯಾನ್ 5 ರಾಕೆಟ್. ಅದರಲ್ಲಿ ನಮ್ಮ ಇಸ್ರೋದ ಇನ್ಸಾಟ್-3ಇ ಕೂಡ ಇತ್ತು. ದೊಡ್ಡ ಉಪಗ್ರಹಗಳ ಜೊತೆ ಉಳಿದ ಜಾಗದಲ್ಲಿ ಸ್ಮಾರ್ಟ್-1 ಕೂತು ಹೋಯ್ತು. ಮೇಲೆ ತಡೆಯೋಕೆ ಗಾಳಿಯಿಲ್ಲ. ಹಾಗಾಗಿ ಸಣ್ಣ ನೂಕು ಕೂಡ ವ್ಯರ್ಥವಾಗದೆ ಕೂಡುತ್ತಾ ಹೋಯ್ತು.

ಹನಿ ಹನಿ ಕೂಡಿದರೆ ಹಳ್ಳ, ಸರಿ. ಆದ್ರೆ ಬಿದ್ದ ಹನಿ ನೆಲದಲ್ಲಿ ಇಂಗಿಹೋಗಬಾರದಲ್ಲ?

ನಮ್ಮ ಆಫೀಸಲ್ಲಿ ಹೌಸ್‌ಕೀಪಿಂಗ್ ಮಾಡೋ ಅಕ್ಕ ನನಗಿಂತ ಮುಂಚೆ ಬರ್ತಾರೆ, ನಾನು ಹೊರಟ ಮೇಲೂ ಇರ್ತಾರೆ. ಅವರ ಶ್ರಮ ನನ್ನದಕ್ಕಿಂತ ಒಂದು ಗ್ರಾಂ ಕಮ್ಮಿಯಿಲ್ಲ. ನನ್ನ ಎಸ್‌ಐಪಿ ತಿಂಗಳು ತಿಂಗಳು ಬೆಳೆಯುತ್ತೆ. ಅವರು ಉಳಿಸಿದ್ದನ್ನು ಒಂದು ಜ್ವರ, ಒಂದು ಸ್ಕೂಲ್ ಫೀಸು, ಕೈಸಾಲದ ಬಡ್ಡಿ ತಿಂದುಹಾಕುತ್ತೆ. ನನ್ನ ಕಾಲೇಜಿನ ಫೀಸು ಕಟ್ಟಿದ್ದು ಅಪ್ಪ. ನನ್ನ ಏರಿಯಾನ್ ಅದು. ಹೀಗಿರುವಾಗ ಅವರ ಮುಂದೆ ನಿಂತು 'ಶ್ರದ್ಧೆಯಿದ್ರೆ ಎಲ್ಲಾ ಆಗುತ್ತೆ' ಅನ್ನೋದು ಬರೀ ಅರ್ಧಸತ್ಯವಲ್ಲ, ಅನ್ಯಾಯ.

ಹಾಗಂತ ಶ್ರದ್ಧೆಗೆ ಬೆಲೆಯಿಲ್ಲ ಅಂತಲ್ಲ. ಎಂಜಿನ್ ಓಡದಿದ್ದರೆ ಸ್ಮಾರ್ಟ್-1 ರಾಕೆಟ್ ಬಿಟ್ಟ ದಾರಿಯಲ್ಲೇ ಭೂಮಿಯನ್ನು ಸುತ್ತುತ್ತಾ ಇರ್ತಿತ್ತು. ಮೇಲೆ ಬಂದ ಮೇಲೆ ನಾವು ಪಟ್ಟ ಶ್ರಮ ನಮ್ಮದೇ. ಮೇಲೆ ಬಂದದ್ದು ಮಾತ್ರ ನಮ್ಮದೊಬ್ಬರ ಸಾಧನೆಯಲ್ಲ. ಈ ಲೆಕ್ಕ ಸರಿಯಾಗಿ ಇಟ್ಟುಕೊಂಡವರಿಗೆ ಉಪದೇಶಕ್ಕಿಂತ ಮುಂಚೆ ಇನ್ನೊಂದು ಪ್ರಶ್ನೆ ಹೊಳೆಯುತ್ತೆ: ನಾನು ಹೋಗ್ತಿರೋ ಗಾಡಿಯಲ್ಲಿ ಜಾಗ ಉಳಿದಿದೆಯಾ? ಒಂದು ಸೆಮಿಸ್ಟರಿನ ಫೀಸು, ಒಂದು ರೆಫರಲ್, ಬಡ್ಡಿಯಿಲ್ಲದ ಒಂದು ಸಾಲ, ಇಷ್ಟರಲ್ಲಿ ಯಾವುದಾದರೂ ಸಾಕು. ಅಲ್ಲಿಂದ ಮುಂದೆ ಅವರ ಏಳು ಗ್ರಾಂ ತನ್ನ ಕೆಲಸ ತಾನು ಮಾಡುತ್ತೆ.