ಕೊಡುವ ಸೇರು, ಕೊಳ್ಳುವ ಸೇರು

ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯ ಶಾಸನವೊಂದು ಜಕ್ಕಿಯಬ್ಬೆ ಎಂಬ ಶ್ರಾವಕಿಯ ವೃತ್ತಾಂತವನ್ನು ತಿಳಿಸುತ್ತದೆ. 10ನೆಯ ಶತಮಾನದ ಆರಂಭದಲ್ಲಿ, ಪತಿಯ ಮರಣಾನಂತರ, ಆಕೆ ನಾಗರಖಂಡ 70ರ ನಾಳ್ಗಾವುಂಡ ಪದವಿಯನ್ನು ವಹಿಸಿಕೊಂಡು ಸಮರ್ಥವಾಗಿ ಆಡಳಿತ ನಡೆಸಿದಳು. ದೇಹವು ವ್ಯಾಧಿಗ್ರಸ್ತವಾದಾಗ ಮಗಳನ್ನು ಕರೆಸಿ, ತನ್ನದೆಲ್ಲವನ್ನೂ ಆಕೆಗೊಪ್ಪಿಸಿ, ಸಲ್ಲೇಖನವನ್ನು ಸ್ವೀಕರಿಸಿದಳು. ತಾಯಿಯ ಗುಣಗಳನ್ನು ಶಾಸನವು ಹೊಗಳಿದೆ. ಮಗಳ ಮಾತು ಮಾತ್ರ ಅದರಲ್ಲಿಲ್ಲ. ಮಾತಾಪಿತೃಗಳು ಬರೆದಿಡುವ ಲೆಕ್ಕಗಳಲ್ಲಿ ಈ ಕೊರತೆ ಇಂದಿಗೂ ಉಳಿದಿದೆ.

ಸೊರಬದ ಪೇಟೆಯಲ್ಲಿ ಒಬ್ಬ ವರ್ತಕನಿರುವನೆಂದು ಭಾವಿಸೋಣ. ಶಿವಮೊಗ್ಗದಲ್ಲಿ ಪಿ.ಯು.ಸಿ. ಓದುವ ಮಗನ ಹಾಸ್ಟೆಲ್, ಟ್ಯೂಷನ್, ಮೊಬೈಲ್‌ಗಳಿಗೆ ತೆತ್ತ ಹಣವೆಲ್ಲ ಆತನಿಗೆ ಬಾಯಿಪಾಠವಾಗಿದೆ. ಮಗನನ್ನು ಕೇಳಿದರೆ, 'ಅಪ್ಪ ನನ್ನ ಮಾತನ್ನು ಕೊನೆಯವರೆಗೆ ಕೇಳಿದ್ದೇ ಇಲ್ಲ' ಎನ್ನುತ್ತಾನೆ. ಯಾರ ಲೆಕ್ಕ ಸರಿ?

ಆಸ್ಟ್ರೇಲಿಯದ ಮನೋವೈದ್ಯ ಗಾರ್ಡನ್ ಪಾರ್ಕರ್ ಮತ್ತು ಸಂಗಡಿಗರು 1979ರಲ್ಲಿ 25 ವಾಕ್ಯಗಳ ಒಂದು ಪ್ರಶ್ನಾವಳಿಯನ್ನು ಪ್ರಕಟಿಸಿದರು. ಉತ್ತರಿಸುವವರು ತಮ್ಮ ಮೊದಲ 16 ವರ್ಷಗಳನ್ನು ನೆನೆದು, ತಂದೆಗೂ ತಾಯಿಗೂ ಪ್ರತ್ಯೇಕವಾಗಿ ಅಂಕ ನೀಡಬೇಕು. ಅದು ಅಳೆಯುವುದು ಎರಡನ್ನೇ: ಅಕ್ಕರೆ ಮತ್ತು ಅತಿಯಾದ ಕಾವಲು. ಖರ್ಚಿಗೆ ಅಲ್ಲಿ ಕಾಲಮ್ಮಿಲ್ಲ. ಸ್ವೀಡನ್ನಿನ ಹಾಕನ್ ಸ್ಟಾಟಿನ್ ಮತ್ತು ಮಾರ್ಗರೆಟ್ ಕೆರ್ 14 ವರ್ಷದ ಮಕ್ಕಳನ್ನೂ ಅವರ ಪೋಷಕರನ್ನೂ ವಿಚಾರಿಸಿ 2000ದಲ್ಲಿ ಇನ್ನೊಂದು ಸಂಗತಿಯನ್ನು ತೋರಿಸಿದರು. ಮಕ್ಕಳ ದಿನಚರಿಯ ಬಗ್ಗೆ ಪೋಷಕರಿಗೆ ಇರುವ ತಿಳಿವಳಿಕೆ ಕಾವಲಿನಿಂದ ಬಂದುದು ಕಡಿಮೆ, ಮಕ್ಕಳು ತಾವಾಗಿ ಹೇಳಿಕೊಂಡುದರಿಂದ ಬಂದುದೇ ಹೆಚ್ಚು.

ಹದಿಹರೆಯದ ಮುನಿಸಿನ ಸಾಕ್ಷ್ಯವನ್ನು ನಂಬಬಹುದೇ ಎಂಬ ಆಕ್ಷೇಪ ನ್ಯಾಯವಾದುದೇ. ನಿನ್ನೆ ಬೈಸಿಕೊಂಡ ಹುಡುಗನ ತಕ್ಕಡಿ ಇಂದು ಒಂದು ಕಡೆಗೆ ವಾಲಿರಬಹುದು. ಆದರೆ ತಂದೆಯ ತಕ್ಕಡಿಯೂ ವಾಲಿಲ್ಲವೆಂದು ಹೇಳುವವರಾರು? ಒಂದೇ ಮನೆಯ ಪೋಷಕರ ಮತ್ತು ಮಕ್ಕಳ ಉತ್ತರಗಳು ಅಲ್ಪ ಪ್ರಮಾಣದಲ್ಲಿ ಮಾತ್ರ ಹೊಂದುತ್ತವೆಯೆಂದು ಸಂಶೋಧಕರು ಮತ್ತೆ ಮತ್ತೆ ಕಂಡಿದ್ದಾರೆ. ಅನೇಕಾಂತವನ್ನು ಬಲ್ಲವರಿಗೆ ಇದು ಆಶ್ಚರ್ಯವಲ್ಲ. ಎರಡೂ ಸತ್ಯದ ಒಂದೊಂದು ಮುಖ.

ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನವೂ ಒಂದು: ಕೊಳ್ಳಲು ದೊಡ್ಡ ಸೇರು, ಕೊಡಲು ಚಿಕ್ಕ ಸೇರು. ಅಂಗಡಿಯಲ್ಲಿ ಇದಕ್ಕೆ ಅಂಜುವ ಶ್ರಾವಕನು ಮನೆಯಲ್ಲಿ ತನ್ನ ತ್ಯಾಗವನ್ನು ದೊಡ್ಡ ಸೇರಿನಿಂದಲೂ ಮಗನ ನೋವನ್ನು ಚಿಕ್ಕ ಸೇರಿನಿಂದಲೂ ಅಳೆದರೆ, ವ್ರತವು ಹೊಸ್ತಿಲಲ್ಲೇ ಉಳಿಯಿತು.

ಎರಡು ವರ್ಷಕ್ಕೊಮ್ಮೆ ತೂಕದ ಬಟ್ಟುಗಳನ್ನು ಪರೀಕ್ಷೆಗೆ ಒಪ್ಪಿಸುವ ವರ್ತಕನು, 'ನಾನು ನಿನಗೆ ಎಂಥ ತಂದೆ?' ಎಂದು ಮಗನನ್ನೂ ಒಮ್ಮೆ ಕೇಳಲಿ. ಉತ್ತರ ಕಹಿಯಾದರೂ ಕೋಪಿಸದಿರಲಿ. ನಿಜ ನುಡಿದುದಕ್ಕೆ ಶಿಕ್ಷೆ ಪಡೆದ ಮಗು ಎರಡನೆಯ ಬಾರಿ ನುಡಿಯುವುದಿಲ್ಲ.