ಹಣೆಬರಹವೋ, ಗೋಡೆಯೋ?

1993ರ ಸೆಪ್ಟೆಂಬರ್ 29, ಅನಂತ ಚತುರ್ದಶಿ. ಗಣಪತಿಯನ್ನು ನೀರಿಗೆ ಬಿಟ್ಟು ತಡವಾಗಿ ಮಲಗಿದ್ದ ಊರುಗಳು ನಸುಕಿನ ನಾಲ್ಕರ ಸುಮಾರಿಗೆ ನಡುಗಿದವು. ಅಕ್ಕಲಕೋಟ, ಸೊಲ್ಲಾಪುರ ಬೆಚ್ಚಿ ಎದ್ದವು. ನೆರೆಜಿಲ್ಲೆಗಳ ಕಿಲ್ಲಾರಿ, ಸಾಸ್ತೂರು ನೆಲಸಮವಾದವು. ಸತ್ತವರು ಹತ್ತಿರ ಹತ್ತಿರ 10,000.

ವಿಘ್ನಹರನನ್ನು ಕಳಿಸಿಕೊಟ್ಟ ರಾತ್ರಿಯೇ ಇಂಥ ವಿಘ್ನವೇಕೆ?

ಪ್ರಶ್ನೆ ಹಳೆಯದು. 1934ರ ಬಿಹಾರ ಭೂಕಂಪವನ್ನು ಗಾಂಧೀಜಿ ಅಸ್ಪೃಶ್ಯತೆಯ ಪಾಪಕ್ಕೆ ದೈವ ಕೊಟ್ಟ ಶಿಕ್ಷೆ ಎಂದರು. ಅಸ್ಪೃಶ್ಯತೆಯನ್ನು ತಾವೂ ವಿರೋಧಿಸುತ್ತಿದ್ದ ರವೀಂದ್ರನಾಥ ಟ್ಯಾಗೋರ್ ಒಪ್ಪಲಿಲ್ಲ. ನೆಲ ಅದುರಿದ್ದಕ್ಕೆ ಕಾರಣವನ್ನು ನೆಲದಲ್ಲೇ ಹುಡುಕಬೇಕೆಂಬುದು ಅವರ ನಿಲುವು.

ಕಿಲ್ಲಾರಿಯಲ್ಲಿ ಕೊಂದದ್ದೇನೆಂಬುದು ಕಣ್ಣಿಗೇ ಕಾಣುತ್ತಿತ್ತು. ಮೊಳಕ್ಕೂ ಮೀರಿದ ದಪ್ಪನೆಯ ಕಲ್ಲುಗೋಡೆ; ಒಳಮೈ ಹೊರಮೈ ಬೇರೆ ಬೇರೆ, ನಡುವೆ ಮಣ್ಣು, ಚೂರುಗಲ್ಲು. ತಲೆಯ ಮೇಲೆ ಬಿಸಿಲು ತಡೆಯಲು ಹೇರಿದ ಮಣ್ಣಿನ ಮಾಳಿಗೆ. ಗೋಡೆ ಸೀಳಿತು, ಮಾಳಿಗೆ ಮಲಗಿದವರ ಮೇಲೆ ಕುಸಿಯಿತು.

ಮಹಾರಾಷ್ಟ್ರ ಸರ್ಕಾರ ವಿಶ್ವಬ್ಯಾಂಕಿನ ನೆರವಿನಿಂದ ಹೊಸ ಊರುಗಳನ್ನು ಕಟ್ಟಿತು. ಅಷ್ಟೇ ಅಲ್ಲ, ಸೊಲ್ಲಾಪುರವೂ ಸೇರಿದಂತೆ ಹಲವು ಜಿಲ್ಲೆಗಳಲ್ಲಿ ಬಿರುಕುಬಿಟ್ಟು ನಿಂತ ಮನೆಗಳನ್ನು ಮುಂದಿನ ಕಂಪನಕ್ಕೆ ಮೊದಲೇ ಬಲಪಡಿಸಲು ಹಣ ಕೊಟ್ಟಿತು. ಕೆಲಸ ಸರಳ: ಗೋಡೆಯನ್ನು ಆರಪಾರ ಕೊರೆದು, ಕಬ್ಬಿಣದ ಸರಳಿಟ್ಟು, ಕಾಂಕ್ರೀಟ್ ತುಂಬಿ ಎರಡೂ ಮೈಗಳನ್ನು ಬೆಸೆಯುವುದು, ಮಾಳಿಗೆಯ ಮಣ್ಣಿಳಿಸಿ ಭಾರ ತಗ್ಗಿಸುವುದು. ದೇವರ ಗೂಡಿರುವ ಗೋಡೆಗೂ ಅದೇ ಮದ್ದು.